ಆಕ್ಸೆಸರಿ ಹಾಕಿಸಿದ ಮೇಲೆ ಗಾಡಿ ಎತ್ತಿ ಎತ್ತಿ ಹಾಕುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಥಾರ್, ಜಿಮ್ನಿ, ಗೂರ್ಖಾ, ಹಳೇ ಜೀಪ್, ಯಾವುದೇ ಇರಲಿ. ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ), ದೊಡ್ಡ ಟೈರ್, ಗಾಡಿ ಎತ್ತರ ಮಾಡುವ ಲಿಫ್ಟ್ ಕಿಟ್ ಹಾಕಿಸಿ ಎರಡು ವಾರ ಆಗುವುದರೊಳಗೆ ಫೋನ್ ಬರುತ್ತದೆ. "ಗುರೂ, ಗಾಡಿ ಕಲ್ಲಾಗಿ ಹೋಗಿದೆ, ಯಾವ ಶಾಕ್ ಹಾಕಿಸಲಿ?" ನಾನು ಮೆಕ್ಯಾನಿಕ್ ಅಲ್ಲ. ಒಂದು 2021ರ ಥಾರ್ ಇಟ್ಟುಕೊಂಡು, ಅದರ ಮೇಲೆ ಮಾಡಬಾರದ ತಪ್ಪೆಲ್ಲ ಮಾಡಿ, ದುಡ್ಡು ಕಳೆದುಕೊಂಡು ಕಲಿತವನು. ಅದೇ ಉತ್ತರ ಎಷ್ಟು ಸಲ ಹೇಳುವುದು ಅಂತ ಇಲ್ಲಿ ಬರೆದಿಟ್ಟಿದ್ದೇನೆ. ಶಾಕ್, ಅಂದರೆ ಸ್ಪ್ರಿಂಗಿನ ಕುಣಿತ ಹಿಡಿದು ನಿಲ್ಲಿಸುವ ಶಾಕ್ ಅಬ್ಸಾರ್ಬರ್, ಅದರ ವಿಷಯ ಕೊನೆಯ ಹತ್ತಿರ ಬರುತ್ತದೆ, ಬೇಕಂತಲೇ ಅಲ್ಲಿಟ್ಟಿದ್ದೇನೆ.

ಥಾರ್ ಶೋರೂಮಿನಿಂದ ಬರುವಾಗಲೇ ಹಾರ್ಡ್ ಅಲ್ವಾ? ಆಕ್ಸೆಸರಿಯನ್ನು ಯಾಕೆ ಬೈಯಬೇಕು?

ಒಂದು ಮಟ್ಟಿಗೆ ನಿಜ. ಮೂರು ಬಾಗಿಲ ಥಾರ್‌ನ ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಇರುವ ಅಂತರ) 2,450 ಎಂಎಂ. ಮುಂದೆ ಒಂದೊಂದು ಚಕ್ರ ಬೇರೆ ಬೇರೆ ಆಡುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದ್ದರೂ ಹಿಂದೆ ಗಟ್ಟಿ ಆಕ್ಸಲ್, ಎರಡೂ ಚಕ್ರಕ್ಕೆ ಸೇರಿ ಒಂದೇ ಅಚ್ಚು. ಗಿಡ್ಡ ಗಾಡಿ, ಭಾರದ ಆಕ್ಸಲ್, ಎರಡೂ ಸೇರಿದರೆ ಹಂಪ್ ಮೇಲೆ ಹಿಂದಿನ ಸೀಟಿನವರು ಒಂದು ಸಲ ಎದ್ದು ಕೂರುತ್ತಾರೆ. 2024ರಲ್ಲಿ ಬಂದ ಐದು ಬಾಗಿಲ ಥಾರ್ ರಾಕ್ಸ್‌ನಲ್ಲಿ ಇದನ್ನು ಸಾಕಷ್ಟು ಸರಿಮಾಡಿದ್ದಾರೆ. 2020ಕ್ಕೆ ಮೊದಲಿನ, ಹಿಂದೆ ಲೀಫ್ ಪ್ಲೇಟ್ (ಕಬ್ಬಿಣದ ಪಟ್ಟಿ ಜೋಡಿಸಿದ ಸ್ಪ್ರಿಂಗ್) ಇದ್ದ ಥಾರ್ ಓಡಿಸಿದವರಿಗೆ ಈಗಿನದೇ ಮೆತ್ತನೆ ಹಾಸಿಗೆ.

ಆದರೆ ನಿಮ್ಮ ಪ್ರಶ್ನೆ ಅದಲ್ಲ. "ಮೊದಲಿಗಿಂತ ಹಾರ್ಡ್ ಆಗಿದೆಯಾ?" ಅನ್ನುವುದು ಪ್ರಶ್ನೆ. ನೆನಪನ್ನು ನಂಬಬೇಡಿ. ಏನೂ ಹಾಕಿಸದ ಅದೇ ಮಾಡೆಲ್ ಗಾಡಿ ಇರುವ ಸ್ನೇಹಿತನನ್ನು ಹಿಡಿಯಿರಿ. ಅದೇ ರಸ್ತೆಯಲ್ಲಿ, ಅದೇ ಸ್ಪೀಡಿನಲ್ಲಿ ಎರಡೂ ಗಾಡಿ ಓಡಿಸಿ ನೋಡಿ. ಹತ್ತು ನಿಮಿಷದ ಕೆಲಸ.

"ಹಾರ್ಡ್" ಅಂದರೆ ಮೆಕ್ಯಾನಿಕ್‌ಗೆ ಅರ್ಥ ಆಗುವುದಿಲ್ಲವಾ?

ಆಗುವುದಿಲ್ಲ. ಡಾಕ್ಟರ ಹತ್ತಿರ ಹೋಗಿ "ಮೈ ಸರಿಯಿಲ್ಲ" ಅಂದ ಹಾಗಾಗುತ್ತದೆ. ಎಲ್ಲಿ, ಯಾವಾಗ, ಹೇಗೆ ಅಂತ ಹೇಳಬೇಕು. ಸೀಟಿಗೆ ಬರುವ ಪೆಟ್ಟಿನಲ್ಲಿ ಬೇರೆ ಬೇರೆ ಜಾತಿಗಳಿವೆ.

ರಸ್ತೆಯ ಸಣ್ಣ ಸಣ್ಣ ತರಿ, ಟಾರು ಕಿತ್ತುಹೋದ ಅಂಚು, ಜಲ್ಲಿ, ಇವೆಲ್ಲ ಒಂದೊಂದಾಗಿ ಸೀಟಿಗೆ, ಸ್ಟಿಯರಿಂಗಿಗೆ ಗೊತ್ತಾಗುತ್ತಿದ್ದರೆ ಮೊದಲ ಅನುಮಾನ ಟೈರ್ ಮೇಲೆ, ಆಮೇಲೆ ಬುಷ್ (ಸಸ್ಪೆನ್ಷನ್ ಕೀಲಿನ ರಬ್ಬರ್) ಮೇಲೆ. ಸಣ್ಣದೆಲ್ಲ ಚೆನ್ನಾಗಿ ನುಂಗಿ, ದೊಡ್ಡ ಗುಂಡಿಗೆ ಮಾತ್ರ "ಧಡ್" ಅಂತ ತಳಕ್ಕೆ ಹೊಡೆದರೆ ಬಂಪ್ ಸ್ಟಾಪ್, ಅಂದರೆ ಸಸ್ಪೆನ್ಷನ್ ಪೂರ್ತಿ ಒತ್ತಿಹೋದಾಗ ತಡೆಯುವ ರಬ್ಬರ್, ತಾಗುತ್ತಿದೆ. ಅಂದರೆ ಸ್ಪ್ರಿಂಗ್ ಹಾರ್ಡ್ ಅಲ್ಲ, ಸಾಲುತ್ತಿಲ್ಲ. ಜನ ಇದನ್ನೂ ಹಾರ್ಡ್ ಅಂತಲೇ ಹೇಳುತ್ತಾರೆ, ಹೇಳಿ ಇನ್ನೂ ಮೆತ್ತನೆ ಸ್ಪ್ರಿಂಗ್ ಹಾಕಿಸಿ ಕೆಡಿಸಿಕೊಳ್ಳುತ್ತಾರೆ! ಹಂಪ್ ಹತ್ತುವಾಗ ಸುಮ್ಮನಿದ್ದು, ಇಳಿದ ಮೇಲೆ ಚಕ್ರ ಕೆಳಗೆ ಜಾರುವಾಗ "ಟಕ್" ಅಂದರೆ ಅದು ಇನ್ನೊಂದು ಕಾಯಿಲೆ, ಸಸ್ಪೆನ್ಷನ್ ಪೂರ್ತಿ ಚಾಚಿ ತುದಿಗೆ ಬಂದು ಹೊಡೆಯುತ್ತಿದೆ. ಹೈವೇಯಲ್ಲಿ ಕುದುರೆ ಮೇಲೆ ಕೂತ ಹಾಗೆ ಮುಂದೆ ಹಿಂದೆ ತೂಗಿದರೆ ಮುಂದಿನ ಸ್ಪ್ರಿಂಗಿಗೂ ಹಿಂದಿನದಕ್ಕೂ ಹೊಂದಾಣಿಕೆ ಇಲ್ಲ.

ಇನ್ನು ಕೆಲವು ಸಲ ಪೆಟ್ಟೇ ಇರುವುದಿಲ್ಲ, ಬರೀ ಸದ್ದು. ರೂಫ್ ರ‍್ಯಾಕ್‌ನ ಬೋಲ್ಟ್, ಜೆರ‍್ರಿಕ್ಯಾನ್, ಹಿಂದೆ ಬಿದ್ದಿರುವ ಜ್ಯಾಕ್ ಗಡಗಡ ಅನ್ನುತ್ತಿರುತ್ತವೆ. ಕಿವಿಗೆ ಬಿದ್ದ ಸದ್ದನ್ನು ನಾವು ಸೊಂಟದ ಲೆಕ್ಕಕ್ಕೆ ಹಾಕುತ್ತೇವೆ. ಪಕ್ಕದವರಿಗೆ ಸ್ಟಿಯರಿಂಗ್ ಕೊಟ್ಟು, ಕಿವಿಗೆ ಹತ್ತಿ ಇಟ್ಟುಕೊಂಡು ಒಂದು ಕಿಲೋಮೀಟರ್ ಕೂತು ನೋಡಿ. ನಗು ಬಂದರೂ ಪರವಾಗಿಲ್ಲ.

ಮೊದಲು ಏನು ನೋಡಬೇಕು?

ಗಾಳಿ. ಶಾಕ್ ಅಲ್ಲ, ಸ್ಪ್ರಿಂಗ್ ಅಲ್ಲ, ಗಾಳಿ.

ಟೈರ್ ಬದಲಾಯಿಸಿದ ಅಂಗಡಿಯಲ್ಲಿ ರಿಮ್ಮಿಗೆ ಟೈರ್ ಕೂರಿಸಲು ಜಾಸ್ತಿ ಗಾಳಿ ಹೊಡೆಯುತ್ತಾರೆ. ಆಮೇಲೆ ಇಳಿಸಲು ಮರೆಯುತ್ತಾರೆ. ಇಲ್ಲವೇ ಟೈರ್ ಬದಿಯಲ್ಲಿ ಅಚ್ಚು ಹಾಕಿರುವ 50 ಪಿಎಸ್‌ಐ, 80 ಪಿಎಸ್‌ಐ ನೋಡಿ "ಇಷ್ಟು ಹಾಕಬಹುದು ಸಾರ್" ಅನ್ನುತ್ತಾರೆ. ಅದು ಟೈರಿನ ಗರಿಷ್ಠ ಮಿತಿ, ನಿಮ್ಮ ಗಾಡಿಗೆ ಬೇಕಾದ ಅಳತೆ ಅಲ್ಲ. ಬೇಕಾದ ಅಳತೆ ಡ್ರೈವರ್ ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಪಟ್ಟಿಯಲ್ಲಿದೆ.

ಬೆಳಿಗ್ಗೆ, ಗಾಡಿ ತೆಗೆಯುವ ಮೊದಲು, ನಿಮ್ಮದೇ ಗೇಜಿನಲ್ಲಿ ನೋಡಿ. ಬಂಕಿನ ಗೇಜ್ ನಂಬಿ ಕೆಟ್ಟವರು ಬಹಳ ಜನ. ಹವಾಮಾನವೂ ಆಟ ಆಡುತ್ತದೆ, ಹೆಚ್ಚುಕಡಿಮೆ 5-6 ಡಿಗ್ರಿ ಬಿಸಿ ಏರಿದರೆ 1 ಪಿಎಸ್‌ಐ ಏರುತ್ತದೆ. ಸಕಲೇಶಪುರದ ಚಳಿಯಲ್ಲಿ ಬೆಳಿಗ್ಗೆ ಹಿಡಿಸಿದ ಗಾಳಿ ಮಧ್ಯಾಹ್ನ ಬಯಲುಸೀಮೆಯ ಬಿಸಿಲಿಗೆ ನಿಂತಲ್ಲೇ 3 ಪಿಎಸ್‌ಐ ಜಾಸ್ತಿ ತೋರಿಸಿದರೆ ಗಾಬರಿ ಬೇಡ.

ಟೈರ್ ಬೇರೆ ಹಾಕಿಸಿದ್ದರೆ ಪಟ್ಟಿಯ ಅಳತೆ ಪೂರ್ತಿ ಹೊಂದುವುದಿಲ್ಲ. ಆಗ ಹಳೇ ಆಫ್‌ರೋಡ್ ಮಂದಿಯ ಒಂದು ಉಪಾಯ ಇದೆ. ತಣ್ಣಗಿರುವಾಗ ಗಾಳಿ ಅಳೆಯಿರಿ. ಹೈವೇಯಲ್ಲಿ ಅರ್ಧ ಮುಕ್ಕಾಲು ಗಂಟೆ ಮಾಮೂಲಿ ಸ್ಪೀಡಿನಲ್ಲಿ ಓಡಿಸಿ, ನಿಲ್ಲಿಸಿದ ಕೂಡಲೇ ಮತ್ತೆ ಅಳೆಯಿರಿ. ಸಾಮಾನ್ಯ ಟೈರಿಗೆ ಸುಮಾರು 4, ಎಲ್‌ಟಿ (ಲೈಟ್ ಟ್ರಕ್) ಟೈರಿಗೆ ಸುಮಾರು 6 ಪಿಎಸ್‌ಐ ಏರಿದ್ದರೆ ಸರಿ. ಅದಕ್ಕಿಂತ ಜಾಸ್ತಿ ಏರಿದರೆ ಟೈರ್ ಬಾಗಿ ಬಾಗಿ ಬಿಸಿಯಾಗಿದೆ, ಅಂದರೆ ಗಾಳಿ ಕಮ್ಮಿ. ಒಂದೋ ಎರಡೋ ಏರಿದರೆ ಗಾಳಿ ಜಾಸ್ತಿ ಇದೆ, ನಿಮ್ಮ ಸೊಂಟನೋವು ಅಲ್ಲೇ ಇದೆ. ಇದೊಂದು ಅಂದಾಜು, ಶಾಸ್ತ್ರ ಅಲ್ಲ. ಮೆತ್ತಗಾಗಲಿ ಅಂತ ಹೈವೇಗೆ ಪಟ್ಟಿಗಿಂತ ಕೆಳಗೆ ಇಳಿಸಬೇಡಿ, ಅದರಲ್ಲೂ ಎಲ್‌ಟಿ ಟೈರ್ ಅಷ್ಟೇ ಭಾರ ಹೊರಲು ಸಾಮಾನ್ಯ ಟೈರಿಗಿಂತ ಜಾಸ್ತಿ ಗಾಳಿ ಕೇಳುತ್ತದೆ.

ಗಾಳಿ ಸರಿ ಇದೆ, ಆದರೂ ಹೊಸ ಟೈರ್ ಹಾಕಿಸಿದ ದಿನದಿಂದಲೇ ಹಾರ್ಡ್.

ಟೈರ್ ಮೇಲೆ ಎಲ್‌ಟಿ ಅಂತ ಇದೆಯಾ, 10 ಪ್ಲೈ (ಹತ್ತು ಪದರದಷ್ಟು ಗಟ್ಟಿ) ಅಂತ ಇದೆಯಾ ನೋಡಿ. ಇದ್ದರೆ ಅದು ನಿಮ್ಮ ಗಾಡಿಗಿಂತ ಎಷ್ಟೋ ಭಾರದ ಪಿಕಪ್‌ಗಾಗಿ ಮಾಡಿದ ಟೈರ್. ಬದಿಗೋಡೆ ಬಾಗುವುದೇ ಇಲ್ಲ. 1,200 ಕೆಜಿ ಆಸುಪಾಸಿನ ಜಿಮ್ನಿಗೆ ಅಂಥ ಟೈರ್ ಹಾಕಿಸುವುದು ಮಗುವಿಗೆ ಮಿಲಿಟರಿ ಬೂಟು ಹಾಕಿದ ಹಾಗೆ. ಭಾರವೂ ಜಾಸ್ತಿ, ಚಕ್ರದ ಹತ್ತಿರ ಏರಿದ ಭಾರವನ್ನು ಹಿಡಿದು ನಿಲ್ಲಿಸುವ ಕೆಲಸ ಅದೇ ಹಳೇ ಶಾಕಿನದು.

ರಿಮ್ ದೊಡ್ಡದು ಮಾಡಿಸಿದ್ದರೆ ಲೆಕ್ಕ ಇನ್ನೂ ಸುಲಭ. ಥಾರ್‌ನ 255/65 ಆರ್18 ಟೈರಿನಲ್ಲಿ (ಅಗಲ 255 ಎಂಎಂ, ಬದಿಗೋಡೆ ಅದರ ನೂರಕ್ಕೆ 65, ರಿಮ್ 18 ಇಂಚು) ರಿಮ್ಮಿನಿಂದ ರಸ್ತೆಗೆ ಸುಮಾರು 166 ಎಂಎಂ ರಬ್ಬರ್ ಇದೆ. ಕೆಳಗಿನ ಮಾಡೆಲ್‌ನ 245/75 ಆರ್16ರಲ್ಲಿ 184. ಚೆಂದಕ್ಕೆ ಅಂತ 255/55 ಆರ್20 ಹಾಕಿಸಿದರೆ 140. ಗಾಳಿಯ ದಿಂಬು 26 ಎಂಎಂ ತೆಳ್ಳಗಾಯಿತು. ಅದನ್ನು ಯಾವ ಶಾಕೂ ವಾಪಸ್ ಕೊಡುವುದಿಲ್ಲ. ಕಲ್ಲಿನ ದಾರಿಗೆ ಹೋಗುವವರು ರಿಮ್ ಸಣ್ಣದು ಮಾಡಿಸುತ್ತಾರೆ, ಪೇಟೆಯಲ್ಲಿ ಸುತ್ತುವವರು ದೊಡ್ಡದು ಮಾಡಿಸುತ್ತಾರೆ, ಎರಡನೆಯವರೇ ಆಮೇಲೆ ನನಗೆ ಫೋನ್ ಮಾಡುವುದು.

ಬಂಪರ್, ವಿಂಚ್‌ಗೆ ಅಂತಲೇ ಹೆವಿ ಸ್ಪ್ರಿಂಗ್ ಹಾಕಿಸಿದ್ದೇನೆ. ಅದು ಸರಿ ತಾನೇ?

ಭಾರ ನಿಜವಾಗಿ ಇದ್ದರೆ ಸರಿ. ನನ್ನ ಕಥೆ ಕೇಳಿ.

ಸ್ಪ್ರಿಂಗ್ ತಯಾರಿಸುವವರು ಒಂದೇ ಗಾಡಿಗೆ ಎರಡು ಮೂರು ಬಗೆ ಕೊಡುತ್ತಾರೆ. ಏನೂ ಹಾಕದ ಗಾಡಿಗೆ ಒಂದು, ಬಂಪರ್ ಇದ್ದರೆ ಒಂದು, ಬಂಪರ್ ಜೊತೆ ವಿಂಚ್ ಇದ್ದರೆ ಇನ್ನೊಂದು. ಲಿಫ್ಟ್ ಕಿಟ್ ಹಾಕಿಸುವಾಗ "ಮುಂದೆ ವಿಂಚ್ ಹಾಕಿಸುತ್ತೇನೆ" ಅಂದೆ. ವರ್ಕ್‌ಶಾಪಿನವನು ನಂಬಿ ಅತ್ಯಂತ ಹೆವಿ ಸ್ಪ್ರಿಂಗ್ ಹಾಕಿದ. ವಿಂಚ್ ಬರಲೇ ಇಲ್ಲ, ಆ ದುಡ್ಡು ಮನೆಯ ಸೋಲಾರ್ ಹೀಟರ್‌ಗೆ ಹೋಯಿತು. ಆ ಸ್ಪ್ರಿಂಗಿಗೆ ಹೊರಲು ಕೆಲಸವೇ ಇಲ್ಲ. ಮೂತಿ ಆಕಾಶ ನೋಡುತ್ತಿತ್ತು. ಹಾಸನದಿಂದ ಸಕಲೇಶಪುರಕ್ಕೆ ಹೊರಟರೆ ಅರ್ಧ ದಾರಿಯಲ್ಲೇ ಅಮ್ಮ "ನನ್ನನ್ನು ಇಳಿಸು, ನಾನು ಕೆಂಪು ಬಸ್ಸಿಗೆ ಬರ್ತೀನಿ" ಅಂದಳು. ಮೂರು ತಿಂಗಳು ಶಾಕನ್ನೇ ಬೈದೆ. ಮೀಡಿಯಂ ಸ್ಪ್ರಿಂಗ್ ಹಾಕಿಸಿದ ಸಂಜೆ ಅದೇ ಶಾಕ್ ಒಳ್ಳೇದಾಯಿತು.

ಹಾಗಾಗಿ ಇವತ್ತು ಗಾಡಿಯ ಮೇಲೆ ಇರುವ ಭಾರಕ್ಕೆ ಸ್ಪ್ರಿಂಗ್ ಆರಿಸಿ. ಮುಂದೆ ಹಾಕಿಸುವ ಭಾರಕ್ಕಲ್ಲ. ವರ್ಷಕ್ಕೆ ಎರಡು ಸಲ ಟೆಂಟ್ ಕಟ್ಟಿಕೊಂಡು ಹೋಗುವವರು ಉಳಿದ 360 ದಿನ ಒಬ್ಬರೇ ಆಫೀಸಿಗೆ ಹೋಗುತ್ತೀರಲ್ವಾ, ಆ 360 ದಿನದ ಲೆಕ್ಕ ಹೇಳಿ.

ಎಷ್ಟು ಭಾರ ಏರಿದೆ ಅಂತ ಗೊತ್ತಾಗುವುದು ಹೇಗೆ?

ವೇಬ್ರಿಡ್ಜ್‌ಗೆ ಹೋಗಿ. ಎಪಿಎಂಸಿ ಯಾರ್ಡ್ ಹತ್ತಿರ, ಜಲ್ಲಿ ಕ್ರಷರ್ ಹತ್ತಿರ ಒಂದಲ್ಲ ಒಂದು ಇರುತ್ತದೆ. ಲಾರಿಗಳ ಸಾಲಿನಲ್ಲಿ ನಿಂತರೆ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ, ನೋಡಲಿ. ಮೂರು ಸಲ ತೂಗಿಸಬೇಕು. ಪೂರ್ತಿ ಗಾಡಿ ಒಂದು ಸಲ, ಮುಂದಿನ ಚಕ್ರ ಮಾತ್ರ ತಟ್ಟೆ ಮೇಲಿಟ್ಟು ಒಂದು ಸಲ, ಹಿಂದಿನದು ಮಾತ್ರ ಒಂದು ಸಲ. ಲಾರಿ ತೂಗುವ ತಕ್ಕಡಿ ಹತ್ತಿಪ್ಪತ್ತು ಕೆಜಿ ಆಚೀಚೆ ತೋರಿಸಬಹುದು, ನಮಗೆ ಅಷ್ಟು ಸಾಕು. ಡೀಸೆಲ್ ಟ್ಯಾಂಕ್ ಎಷ್ಟಿತ್ತು, ಒಳಗೆ ಯಾರಿದ್ದರು ಅಂತ ಚೀಟಿಯ ಹಿಂದೆ ಬರೆದುಕೊಳ್ಳಿ.

ವೇಬ್ರಿಡ್ಜ್ ಸಿಗದಿದ್ದರೆ ಟೇಪು ಹಿಡಿಯಿರಿ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರ್ ಅಂಚಿಗೆ ಎಷ್ಟು ಎಂಎಂ ಅಂತ ನಾಲ್ಕೂ ಕಡೆ ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರ್ ಬದಲಾದರೆ ಲೆಕ್ಕ ಕೆಡುತ್ತದೆ. 40 ಎಂಎಂ ಕಿಟ್ ಅಂತ ಕೊಂಡು 65 ಎಂಎಂ ಎದ್ದಿದ್ದರೆ ಸ್ಪ್ರಿಂಗ್ ನಿಮ್ಮ ಗಾಡಿಗಿಂತ ಜಾಸ್ತಿ ಗಟ್ಟಿ ಅಂತಲೇ ಅರ್ಥ.

ಭಾರ ಹಾಕಿಸಿದ್ದು ಮುಂದೆ. ಹಿಂದೆ ಯಾಕೆ ನೆಗೆಯುತ್ತಿದೆ?

ಇದು ಒಳ್ಳೇ ಪ್ರಶ್ನೆ, ನನಗೂ ಅರ್ಥ ಆಗಲು ಬಹಳ ದಿನ ಬೇಕಾಯಿತು. ಬಂಪರ್, ವಿಂಚ್ ಕೂರುವುದು ಮುಂದಿನ ಆಕ್ಸಲ್‌ಗಿಂತಲೂ ಮುಂದೆ. ಮಕ್ಕಳ ಏತಪಾತ ನೆನೆಸಿಕೊಳ್ಳಿ. ಮುಂದಿನ ಚಕ್ರ ನಡುವಿನ ಗೂಟ. ಮೂತಿ ಒತ್ತಿದರೆ ಬಾಲ ಏಳುತ್ತದೆ.

ಲೆಕ್ಕ ಹಾಕೋಣ. 80 ಕೆಜಿ ಸಾಮಾನು ಆಕ್ಸಲ್‌ನಿಂದ 700 ಎಂಎಂ ಮುಂದೆ ಇದೆ, ವೀಲ್‌ಬೇಸ್ 2,450 ಎಂಎಂ. ಮುಂದಿನ ಆಕ್ಸಲ್ ಮೇಲೆ ಬೀಳುವುದು 80 ಅಲ್ಲ, ಸುಮಾರು 103 ಕೆಜಿ. ಆ ಹೆಚ್ಚಿನ 23 ಕೆಜಿ ಹಿಂದಿನ ಆಕ್ಸಲ್‌ನಿಂದ ಕಡಿಮೆಯಾಗಿದೆ. ಮೊದಲೇ ಹಗುರ ಇದ್ದ ಬಾಲ ಇನ್ನೂ ಹಗುರ ಆಯಿತು. ಹಿಂದೆ ಯಾರೂ ಕೂರದೆ ಓಡಿಸಿದರೆ ಹಿಂದಿನ ಸ್ಪ್ರಿಂಗಿಗೆ ಒತ್ತಲು ಏನೂ ಸಿಗುವುದಿಲ್ಲ, ಅದು ನೆಗೆಯುತ್ತದೆ. ಹಿಂದೆ ಜಾಸ್ತಿ ಹೆವಿ ಸ್ಪ್ರಿಂಗ್ ಬೇರೆ ಹಾಕಿಸಿದ್ದರೆ ಮುಗಿಯಿತು.

ಪರೀಕ್ಷೆ ಸುಲಭ. ಒಂದೊಂದು 25 ಕೆಜಿಯ ಎರಡು ಅಕ್ಕಿ ಮೂಟೆ ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಇಟ್ಟು ಬಿಗಿಯಾಗಿ ಕಟ್ಟಿ, ಅದೇ ರಸ್ತೆಯಲ್ಲಿ ಓಡಿಸಿ. ಮೆತ್ತಗಾದರೆ ಶಾಕ್ ತಪ್ಪಿಲ್ಲ, ಸ್ಪ್ರಿಂಗ್ ಭಾರಕ್ಕೆ ಹೊಂದಿಲ್ಲ. ಉಕ್ಕಿನ ಹಗ್ಗದ ಬದಲು ಸಿಂಥೆಟಿಕ್ ಹಗ್ಗ ಹಾಕಿಸಿದರೂ ಮೂತಿಯ ತುದಿಯಿಂದ ಕೆಲವು ಕೆಜಿ ಇಳಿಯುತ್ತದೆ, ಮತ್ತೆ ಅದು ಇಳಿಯುವುದು ಸರಿಯಾದ ಜಾಗದಿಂದ.

ಹಂಪ್ ಇಳಿದ ಮೇಲೆ "ಟಕ್" ಅನ್ನುತ್ತದೆ, ಲಿಫ್ಟ್ ಮಾಡಿಸಿದ ಮೇಲೆ ಶುರುವಾಯಿತು.

ಸ್ಪ್ರಿಂಗ್ ಮೇಲೆ ಬಿಲ್ಲೆ ಇಟ್ಟು ಎತ್ತಿಸಿದ್ದೀರಾ? ಈ ಸ್ಪೇಸರ್‌ಗಳು ಕಮ್ಮಿ ದುಡ್ಡಿಗೆ ಬರುತ್ತವೆ, ನೋಡಲು ಲಿಫ್ಟ್ ಆಗಿಯೇ ಕಾಣುತ್ತದೆ. ಆದರೆ ಚಕ್ರ ಒಟ್ಟು ಎಷ್ಟು ಮೇಲೆ ಕೆಳಗೆ ಹೋಗಬಹುದು ಅನ್ನುವುದು ಬದಲಾಗಿಲ್ಲ. ಗಾಡಿ ನಿಂತಾಗಲೇ 40 ಎಂಎಂ ಎದ್ದು ನಿಂತಿದೆ ಅಂದರೆ ಚಕ್ರ ಕೆಳಗೆ ಜಾರಲು ಇದ್ದ ಜಾಗದಲ್ಲಿ 40 ಎಂಎಂ ಖರ್ಚಾಯಿತು. ಗುಂಡಿಗೆ ಇಳಿದ ಕೂಡಲೇ ತುದಿ ಮುಟ್ಟಿ ಬಡಿಯುತ್ತದೆ. ಮುಂದಿನ ಜ್ಯಾಕ್ ಏರಿಸಿ, ಚಕ್ರ ನೆಲ ಬಿಡುವ ಮೊದಲು ಗಾಡಿ ಎಷ್ಟು ಎಂಎಂ ಎದ್ದಿತು ಅಂತ ಅಳೆಯಿರಿ. ಒಂದೆರಡು ಇಂಚಿಗೇ ಚಕ್ರ ನೆಲ ಬಿಟ್ಟರೆ ಕಾರಣ ಸಿಕ್ಕಿತು. ಸ್ವಲ್ಪ ಇಳಿಸುವುದು ಅಥವಾ ಉದ್ದದ ಶಾಕ್ ಇರುವ ಪೂರ್ತಿ ಕಿಟ್ ಹಾಕಿಸುವುದು, ಇವೆರಡೇ ದಾರಿ. ಡ್ರೈವ್ ಶಾಫ್ಟ್ ರಬ್ಬರ್ ಬೂಟ್ ಹರಿದಿದೆಯಾ ಅಂತಲೂ ಅದೇ ಹೊತ್ತಿಗೆ ಬಗ್ಗಿ ನೋಡಿ.

ಬುಷ್ ಹೊಸದು, ಎಲ್ಲ ಟೈಟ್ ಮಾಡಿದ್ದಾರೆ. ಆದರೂ ಬುಷ್ ನೋಡಬೇಕಾ?

ಟೈಟ್ ಮಾಡಿದ್ದೇ ತೊಂದರೆ ಇರಬಹುದು. ಹೇಗೆ ಅಂತ ಹೇಳುತ್ತೇನೆ, ಇದು ಬಹಳ ವರ್ಕ್‌ಶಾಪ್‌ಗಳಲ್ಲಿ ಆಗುವ ತಪ್ಪು.

ಚಕ್ರವನ್ನು ಚಾಸಿಗೆ ಹಿಡಿದಿಡುವ ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಷ್ ಬೇರಿಂಗ್ ಥರ ಸುತ್ತುವುದಿಲ್ಲ. ಒಳಗಿನ ಕೊಳವೆಗೂ ಹೊರಗಿನದಕ್ಕೂ ರಬ್ಬರ್ ಅಂಟಿಕೊಂಡಿರುತ್ತದೆ, ಆರ್ಮ್ ಆಡಿದಾಗ ರಬ್ಬರ್ ತಿರುಚಿಕೊಳ್ಳುತ್ತದೆ. ಗಾಡಿಯನ್ನು ವರ್ಕ್‌ಶಾಪಿನ ಲಿಫ್ಟ್ ಮೇಲೆ ಎತ್ತಿ, ಚಕ್ರ ಜೋತು ಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ ಬುಷ್‌ಗೆ ಅದೇ "ನೆಟ್ಟಗೆ" ಅನಿಸುತ್ತದೆ. ಗಾಡಿ ಕೆಳಗಿಳಿದಾಗ ಅದು ತಿರುಚಿ ನಿಲ್ಲುತ್ತದೆ. ಆಮೇಲೆ ಪ್ರತಿ ಕುಲುಕಿಗೂ ಇನ್ನೊಂದು ಸಣ್ಣ ಸ್ಪ್ರಿಂಗ್ ಥರ ಅಡ್ಡ ಬರುತ್ತದೆ. ರೈಡ್ ಬಿಗಿ, ಬುಷ್ ಬೇಗ ಹರಿಯುತ್ತದೆ.

ಪರಿಹಾರ ದುಡ್ಡಿಲ್ಲದ್ದು. ಗಾಡಿ ನಾಲ್ಕು ಚಕ್ರದ ಮೇಲೆ ನೆಲದಲ್ಲಿರಲಿ ಅಥವಾ ರ‍್ಯಾಂಪ್ ಮೇಲಿರಲಿ. ಬೋಲ್ಟ್‌ಗಳನ್ನು ಸಡಿಲ ಮಾಡಿ, ಗಾಡಿಯನ್ನು ನಾಲ್ಕು ಸಲ ಒತ್ತಿ ಅಲ್ಲಾಡಿಸಿ, ಆಮೇಲೆ ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿಯಬೇಕು. ನನ್ನದರಲ್ಲಿ ಹಿಂದಿನ ಲಿಂಕ್ (ಆಕ್ಸಲನ್ನು ಚಾಸಿಗೆ ಹಿಡಿದಿರುವ ಸರಳು) ಬೋಲ್ಟ್ ಸಡಿಲ ಮಾಡಿದ ಕ್ಷಣ "ಕಿರ್ರ್" ಅಂತ ಗಾಡಿ ಒಂದು ಬೆರಳಷ್ಟು ಕೂತಿತು. ಮೆಕ್ಯಾನಿಕ್ ಹುಡುಗ ಹೆದರಿ ಹಿಂದೆ ಹಾರಿದ.

ಬಂಪರ್ ಗಟ್ಟಿಯಾಗಿ ಕೂತಿದೆ, ಅಲ್ಲಾಡುವುದಿಲ್ಲ. ಅದರಿಂದ ಏನು ತೊಂದರೆ?

ಅಲ್ಲಾಡದಿರುವುದು ಚಾಸಿಗೆ ಬೋಲ್ಟ್ ಆಗಿರುವುದರಿಂದ. ಆದರೆ ಫೆಂಡರ್, ಬಾನೆಟ್ ಎಲ್ಲ ಬಾಡಿಗೆ ಸೇರಿದ್ದು. ಚಾಸಿಗೂ ಬಾಡಿಗೂ ಮಧ್ಯೆ ರಬ್ಬರ್ ಮೌಂಟ್ ಇದೆ, ಎರಡೂ ಸ್ವಲ್ಪ ಬೇರೆ ಬೇರೆ ಆಡಬೇಕು. ಬಂಪರ್ ಅಥವಾ ಪಕ್ಕದ ರಾಕ್ ಸ್ಲೈಡರ್ (ಬಾಗಿಲ ಕೆಳಗೆ ಕಲ್ಲು ತಾಗದಂತೆ ಹಾಕುವ ಕಬ್ಬಿಣದ ಪಟ್ಟಿ) ಬಾಡಿಗೆ ತಾಗಿ ಕೂತರೆ ಆ ರಬ್ಬರ್ ಇದ್ದೂ ಇಲ್ಲದ ಹಾಗೆ. ಕಲ್ಲಿನ ಪೆಟ್ಟು ಚಾಸಿಯಿಂದ ನೇರ ನಿಮ್ಮ ಕಾಲ ಕೆಳಗಿನ ತಗಡಿಗೆ ಬರುತ್ತದೆ. ಮದುವೆ ಕಾಗದದ ದಪ್ಪ ರಟ್ಟು ತೆಗೆದುಕೊಂಡು ಸುತ್ತ ಸಂದಿಯಲ್ಲಿ ಎಳೆಯುತ್ತಾ ಹೋಗಿ. ಎಲ್ಲಿ ಸಿಕ್ಕಿಕೊಂಡಿತೋ, ಎಲ್ಲಿ ಬಣ್ಣ ಉಜ್ಜಿ ಬೆಳ್ಳಗಾಗಿದೆಯೋ ಅಲ್ಲಿ ತಾಗುತ್ತಿದೆ. ಸುಮಾರು ಒಂದು ಬೆರಳು ಸಂದಿ ಇರಬೇಕು.

ಬಂಪ್ ಸ್ಟಾಪ್ ತಾಗುತ್ತಿದೆಯಾ ಅಂತ ಓಡಿಸುವಾಗ ನೋಡುವುದು ಹೇಗೆ?

ಚಪಾತಿ ಹಿಟ್ಟು! ತಮಾಷೆ ಅಲ್ಲ. ಹಿಂದಿನ ಬಂಪ್ ಸ್ಟಾಪ್ ರಬ್ಬರ್ ಬಂದು ಬಡಿಯುವ ಜಾಗದಲ್ಲಿ, ಆಕ್ಸಲ್ ಮೇಲೆ, ನಿಂಬೆ ಗಾತ್ರದ ಗಟ್ಟಿ ಹಿಟ್ಟಿನ ಉಂಡೆ ಅಂಟಿಸಿ. ಮಾಮೂಲಿ ದಾರಿಯಲ್ಲಿ ಓಡಿಸಿ ಬನ್ನಿ. ಉಂಡೆ ಹಾಗೇ ಇದ್ದರೆ ಅಲ್ಲಿ ಏನೂ ತಾಗುತ್ತಿಲ್ಲ. ಪೂರಿಯಾಗಿದ್ದರೆ ಬಂಪ್ ಸ್ಟಾಪಿನ ಮೇಲೇ ಓಡುತ್ತಿದ್ದೀರಿ. ಶಾಕಿನ ಹೊಳೆಯುವ ಸರಳು ಕಾಣುವ ಹಾಗಿದ್ದರೆ ಅದಕ್ಕೊಂದು ಪ್ಲಾಸ್ಟಿಕ್ ಜಿಪ್ ಟೈ ಮೆಲ್ಲಗೆ ಕಟ್ಟಿ ಕೆಳಗೆ ಸರಿಸಿಟ್ಟರೂ ಆಯಿತು. ಓಡಿಸಿ ಬಂದ ಮೇಲೆ ಅದು ಎಲ್ಲಿ ನಿಂತಿದೆ ಅನ್ನುವುದೇ ಶಾಕ್ ಎಷ್ಟು ಒಳಗೆ ಹೋಗಿತ್ತು ಅನ್ನುವ ಲೆಕ್ಕ.

ಅಂತೂ ಶಾಕ್ ವಿಷಯಕ್ಕೆ ಬನ್ನಿ. ನನ್ನದರಲ್ಲಿ ಗಟ್ಟಿ, ಮೆತ್ತಗೆ ಮಾಡಲು ತಿರುಗಿಸುವ ಕ್ಲಿಕ್ ಇದೆ, ಎಷ್ಟಕ್ಕೆ ಇಡಲಿ?

ಪೂರ್ತಿ ಮೆತ್ತನೆ ತುದಿಯಿಂದ ಶುರು ಮಾಡಿ. ಗಾಡಿ ಹಂಪ್ ಆದ ಮೇಲೆ ತೂಗುವುದು ನಿಲ್ಲುವವರೆಗೆ ಒಂದೊಂದೇ ಕ್ಲಿಕ್ ಏರಿಸಿ, ಅಲ್ಲಿಗೆ ನಿಲ್ಲಿಸಿ. ಜನ ಉಲ್ಟಾ ಮಾಡುತ್ತಾರೆ, "ಆಫ್‌ರೋಡ್ ಗಾಡಿ" ಅಂತ ಗಟ್ಟಿ ತುದಿಗೆ ತಿರುಗಿಸಿ ಇಟ್ಟುಬಿಡುತ್ತಾರೆ.

ಒಂದು ಮೋಸ ಇದೆ ಇಲ್ಲಿ. ಶಾಕ್ ಒಳಗೆ ಹೋಗುವಾಗಲೂ ತಡೆಯುತ್ತದೆ, ಹೊರಗೆ ಬರುವಾಗಲೂ ತಡೆಯುತ್ತದೆ. ಹೊರಗೆ ಬರುವುದು ತೀರಾ ನಿಧಾನ ಆದರೆ, ಒಂದರ ಹಿಂದೆ ಒಂದು ಅಲೆ ಅಲೆಯಾಗಿರುವ ಮಣ್ಣಿನ ರಸ್ತೆಯಲ್ಲಿ ಚಕ್ರ ಪೂರ್ತಿ ಕೆಳಗೆ ಬರುವ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ. ಪ್ರತಿ ಪೆಟ್ಟಿಗೂ ಗಾಡಿ ಸ್ವಲ್ಪ ಸ್ವಲ್ಪ ಕುಗ್ಗುತ್ತಾ ಕೊನೆಗೆ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಮೊದಲ ನಾಲ್ಕು ಅಲೆ ಸುಖವಾಗಿ ಹೋಗಿ, ಆಮೇಲೆ ಹಲ್ಲು ಕಟಕಟ ಅನ್ನುತ್ತದೆ ಅಂದರೆ ಇದೇ ಕಾರಣ. ಕ್ಲಿಕ್ ಕಡಿಮೆ ಮಾಡಿ. ಕ್ಲಿಕ್ ಇಲ್ಲದ ಶಾಕ್ ಆದರೆ ಬೇರೆ ವಾಲ್ವಿಂಗ್ (ಒಳಗಿನ ಎಣ್ಣೆಯನ್ನು ತಡೆಯುವ ವ್ಯವಸ್ಥೆ) ಇರುವುದೇ ಬೇಕು. ಸುಮ್ನೆ ಇನ್ನೂ ಗಟ್ಟಿ ಶಾಕ್ ಹಾಕಿಸಿದರೆ ದುಡ್ಡೂ ಹೋಯಿತು, ಹಲ್ಲೂ ಹೋಯಿತು.

"1,000 ಕಿಲೋಮೀಟರ್ ಓಡಲಿ ಸಾರ್, ತಾನೇ ಸರಿಹೋಗುತ್ತದೆ" ಅಂತ ಹೇಳುತ್ತಾರೆ.

ಸ್ಪ್ರಿಂಗ್ ಕೆಲವು ಎಂಎಂ ಕೂರುತ್ತದೆ, ಶಾಕಿನ ಸೀಲ್ ಸ್ವಲ್ಪ ಸಡಿಲ ಆಗುತ್ತದೆ. ಅಷ್ಟೇ. ತಪ್ಪು ಸ್ಪ್ರಿಂಗ್ ಓಡಿದ್ದಕ್ಕೆ ಸರಿಯಾಗುವುದಿಲ್ಲ.

ಜಿಮ್ನಿಯಲ್ಲಿ ಎರಡು ಇಂಚು ಎತ್ತಿಸಿದೆ. ಗುಂಡಿಗೆ ಮುಂದಿನ ಚಕ್ರ ಗುದ್ದುತ್ತದೆ.

ಜಿಮ್ನಿಗೆ ಮುಂದೆಯೂ ಗಟ್ಟಿ ಆಕ್ಸಲ್, ಅದನ್ನು ಹಿಡಿದಿರುವ ಆರ್ಮ್‌ಗಳು ಆಕ್ಸಲ್‌ನ ಹಿಂದೆ ಚಾಸಿಗೆ ಸೇರುತ್ತವೆ. ಎತ್ತಿಸಿದಾಗ ಆರ್ಮ್ ಮುಂದಕ್ಕೆ ಕೆಳಮುಖ ಆಗುತ್ತದೆ. ಹಾಗೆ ಇಳಿಜಾರಾದ ಆರ್ಮ್‌ನ ತುದಿಯಲ್ಲಿರುವ ಆಕ್ಸಲ್ ಮೇಲೆ ಏಳಬೇಕಾದರೆ ಸ್ವಲ್ಪ ಮುಂದಕ್ಕೂ ಹೋಗಬೇಕು, ಅಂದರೆ ಕಲ್ಲಿನಿಂದ ಹಿಂದೆ ಸರಿಯುವ ಬದಲು ಕಲ್ಲಿನ ಕಡೆಗೇ ನುಗ್ಗುತ್ತದೆ. ಆರ್ಮ್ ಹಿಂದಿನ ಕೊಂಡಿಯನ್ನು ಕೆಳಗಿಳಿಸುವ ಬ್ರಾಕೆಟ್ ಸಿಗುತ್ತದೆ, ಅಥವಾ ಲಿಫ್ಟನ್ನೇ ಕಡಿಮೆ ಮಾಡಬಹುದು. ಸ್ಟಿಯರಿಂಗನ್ನು ನೇರ ಹಿಡಿದಿಡುವ ಕ್ಯಾಸ್ಟರ್ ಕೋನವೂ ಕಡಿಮೆಯಾಗಿ ಸ್ಟಿಯರಿಂಗ್ ಅಲೆದಾಡುವುದರಿಂದ ಅಲೈನ್‌ಮೆಂಟ್ ಮಾಡಿಸದೆ ಹೈವೇಗೆ ಹೋಗಬೇಡಿ.

ಹಳೇ ಜೀಪ್, ಲೀಫ್ ಪ್ಲೇಟ್. ಏನಾದರೂ ಮಾಡಬಹುದಾ?

ಬೇಕಾದಷ್ಟು. ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಬಾಡಿಗೆ ಜೀಪ್‌ಗಳನ್ನು ನೋಡಿ. ಆ ಕಲ್ಲಿನ ದಾರಿಯಲ್ಲಿ ಹಿಂದೆ ಆರು ಜನ ತುಂಬಿರುವಾಗ ಪ್ಲೇಟ್ ಚೆನ್ನಾಗಿಯೇ ಆಡುತ್ತದೆ. ಅದೇ ಜೀಪ್ ಖಾಲಿ ವಾಪಸ್ ಬರುವಾಗ ಡ್ರೈವರ್ ಕುಣಿಯುತ್ತಿರುತ್ತಾನೆ. ನೀವು ಒಬ್ಬರೇ ಓಡಿಸುವುದಾದರೆ ಅಷ್ಟು ಪ್ಲೇಟ್ ನಿಮಗೆ ಬೇಕಾ ಅಂತ ಯೋಚಿಸಿ.

ಪ್ಲೇಟ್‌ಗಳು ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದು ಅಂಟಿಕೊಂಡರೆ ಇಡೀ ಕಟ್ಟು ಒಂದೇ ದಪ್ಪ ಕಬ್ಬಿಣದ ತುಂಡಾಗುತ್ತದೆ. ಬಿಚ್ಚಿ, ವೈರ್ ಬ್ರಶ್‌ನಿಂದ ಉಜ್ಜಿ, ಗ್ರ್ಯಾಫೈಟ್ ಗ್ರೀಸ್ ಹಚ್ಚಿ ಕಟ್ಟಿಸಿದರೆ ಹಳೇ ಜೀಪ್ ಬೇರೆಯದೇ ಅನಿಸುತ್ತದೆ. ಪ್ಲೇಟಿನ ತುದಿಯನ್ನು ಚಾಸಿಗೆ ತೂಗುಹಾಕಿರುವ ಶ್ಯಾಕಲ್ ನೋಡಿ, ಅದು ನೇರ ನೆಟ್ಟಗೆ ನಿಂತಿದ್ದರೆ ಪ್ಲೇಟ್ ಸುಲಭವಾಗಿ ಆಡುವುದಿಲ್ಲ, ಚಾಸಿಗೆ ತಾಗುತ್ತಿದ್ದರೆ ಪ್ಲೇಟ್ ಉದ್ದವಾಗಲು ಜಾಗವೇ ಇಲ್ಲ. ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಬಿಚ್ಚಿದ ಮೇಲೆ ಹಳೆಯದನ್ನೇ ಮತ್ತೆ ಹಾಕಬೇಡಿ.

ಸೀಟಿಗೆ ದಪ್ಪ ಫೋಮ್ ಹಾಕಿಸಿದರೆ?

ತಲೆ ಸೀಲಿಂಗಿಗೆ ತಾಗುತ್ತದೆ.

ಬಿಸಿಲೆ ಕಡೆ, ಎಸ್ಟೇಟ್ ದಾರಿಯಲ್ಲಿ ಗಾಳಿ ಇಳಿಸಿ ಓಡಿಸಬಹುದಾ?

ಓಡಿಸಲೇಬೇಕು. ನಾನು ಕಲ್ಲು ಕೆಸರಿನ ದಾರಿಗೆ 20 ಪಿಎಸ್‌ಐ ಆಸುಪಾಸಿಗೆ ಇಳಿಸುತ್ತೇನೆ, ಮೆಲ್ಲಗೆ ಹೋಗುತ್ತೇನೆ. ಟಾರು ಸಿಕ್ಕಿದ ಕೂಡಲೇ ಮತ್ತೆ ತುಂಬಿಸಲು ಕಂಪ್ರೆಸರ್ ಜೊತೆಯಲ್ಲಿರಲಿ. ವಿಂಚ್‌ಗಿಂತ ಮೊದಲು ಕೊಳ್ಳಬೇಕಾದ ಸಾಮಾನು ಅದು, ಬೆಲೆಯೂ ಕಮ್ಮಿ, ತೂಕವೂ ಕಮ್ಮಿ.

ಇದೆಲ್ಲ ಹಾಕಿಸುವುದಕ್ಕೆ ಕಾನೂನು ಒಪ್ಪುತ್ತದಾ?

ಬಹಳಷ್ಟಕ್ಕೆ ಇಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಕಂಪನಿ ಕೊಟ್ಟ ಮೂಲ ಅಳತೆಗಳನ್ನು ಬದಲಿಸುವುದನ್ನು ತಡೆಯುತ್ತದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕಿದ ಗಾಡಿಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ಅಡ್ಡಪಟ್ಟಿ ಇದ್ದರೆ ಏರ್‌ಬ್ಯಾಗ್ ಸೆನ್ಸರ್ ಹೇಗೆ ವರ್ತಿಸುತ್ತದೆ ಅನ್ನುವ ಭರವಸೆಯೂ ಇಲ್ಲ. ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ಕೇಳದೆ ಯಾವುದನ್ನೂ ಹಾಕಿಸಬೇಡಿ. ನನ್ನ ಗಾಡಿಯ ಸ್ಟೀಲ್ ಬಂಪರ್ ಈಗ ಶೆಡ್ಡಿನಲ್ಲಿದೆ, ಅದರ ಮೇಲೆ ಅಡಿಕೆ ಚೀಲ ಇಟ್ಟಿದ್ದೇವೆ. ರೈಡ್ ಇನ್ನೂ ಚೆನ್ನಾಗಾಯಿತು ಅನ್ನುವುದು ಬೇರೆ ಮಾತು.

ಇಷ್ಟೆಲ್ಲ ಯಾವ ಕ್ರಮದಲ್ಲಿ ಮಾಡಲಿ? ವರ್ಕ್‌ಶಾಪ್‌ಗೆ ಏನು ಹೇಳಲಿ?

ಮನೆ ಹತ್ತಿರ ಒಂದು ಹಂಪ್, ಒಂದು ಕಿತ್ತುಹೋದ ರಸ್ತೆಯ ತುಂಡು ಗುರುತು ಮಾಡಿಕೊಳ್ಳಿ. ಪ್ರತಿ ಸಲ ಅದೇ ಜಾಗ, ಅದೇ ಸ್ಪೀಡು, ಗಾಡಿಯಲ್ಲಿ ಅದೇ ಜನ. ಗಾಳಿಯಿಂದ ಶುರು ಮಾಡಿ. ಆಮೇಲೆ ತೂಕ ಮತ್ತು ಎತ್ತರದ ಅಳತೆ. ಆಮೇಲೆ ರಟ್ಟು ಹಿಡಿದು ಸಂದಿ, ಬುಷ್ ಬೋಲ್ಟ್, ಹಿಟ್ಟಿನ ಉಂಡೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದೇ ದಿನ ಟೈರು, ಸ್ಪ್ರಿಂಗು, ಶಾಕು ಎಲ್ಲ ಬದಲಾಯಿಸಿದರೆ ಯಾವುದು ಕೆಡಿಸಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ವರ್ಕ್‌ಶಾಪ್‌ಗೆ ಹೋಗುವಾಗ ಒಂದು ಚೀಟಿ ಕೈಗೆ ಕೊಡಿ. ನನ್ನ ಚೀಟಿಯಲ್ಲಿ ಇದ್ದದ್ದು ಇಷ್ಟು: ಮುಂದೆ ಹಿಂದೆ ಎಷ್ಟು ತೂಕ, ನಾಲ್ಕೂ ಕಡೆ ಎಷ್ಟು ಎತ್ತರ, ತಣ್ಣಗಿರುವಾಗ ಗಾಳಿ ಎಷ್ಟು, 30ರ ಸ್ಪೀಡಿನಲ್ಲಿ ಹಂಪ್ ಇಳಿದ ಮೇಲೆ ಹಿಂದೆ ಎಡಗಡೆ ಒಂದು "ಟಕ್". ಬೇರೆ ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಶಾಕ್ ಕಡೆ ನೋಡಲೂ ಇಲ್ಲ. ನೇರ ಎಡ ಹಿಂದಿನ ಲಿಂಕ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿದರು.